ಹುಳ ಒಡೆಯುವ ಬೆರಳು

"ಚಿಕ್ಕಪ್ಪ, ಈ ಸಲ ಗಾಳಿ ಸ್ವಲ್ಪ ಜೋರಂತೆ," ಎಂದು ಸ್ಯಾಮನ್ ಕೊಲಿತಾನ್ ಮೂರನೇ ಬಾರಿ ಹೇಳಿದ.

ಹತ್ತು ಜನರ ದೋಣಿಯ ಯಜಮಾನ ಅವನು. ಈ ವರ್ಷ ಚಿಕ್ಕಪ್ಪನ ಜಾಗದಲ್ಲಿ ತನ್ನ ತಮ್ಮನನ್ನು ಕೂರಿಸಬೇಕು. ಅದನ್ನೇ ಹೇಳಲು ಬಂದಿದ್ದಾನೆ, ಬಾಯಿ ಬರುತ್ತಿಲ್ಲ. ಹಾರುಮೀನಿನ ಕಾಲದಲ್ಲಿ ನಮ್ಮ ದ್ವೀಪದಲ್ಲಿ ಅಶುಭ ಆಡುವಂತಿಲ್ಲ ನೋಡಿ. 'ನಿಮಗೆ ವಯಸ್ಸಾಯಿತು' ಅಂದರೂ ಸಾಕು, ಮೀನು ಮುನಿಸಿಕೊಂಡು ಬೇರೆ ಕಡೆ ಹೋಗುತ್ತವೆ.

ಚಿಕ್ಕಪ್ಪ ಸ್ಯಾಪೆನ್ ರವಾಯ್, ಬೇಯಿಸಿದ ಗೆಣಸಿನ ಸಿಪ್ಪೆ ಸುಲಿಯುತ್ತಾ ನಕ್ಕ. "ಗಾಳಿ ನನಗೊಬ್ಬನಿಗೇ ಬೀಸತ್ತೇನೋ? ಸುತ್ತಿ ಬಳಸಿ ಮಾತಾಡ್ಬೇಡ. ಐವತ್ತು ವರ್ಷದಿಂದ ಆ ಜಾಗ ನಂದು. ಹುಳ ತರಿಸು, ನೋಡೇ ಬಿಡೋಣ."

ಹುಳವೆಂದರೆ ಕಪ್ಪು ಮೈಮೇಲೆ ನೀಲಿ, ಹಸಿರು ಉಂಗುರಗಳು ಮಿರಮಿರ ಮಿಂಚುವ ಜೀರುಂಡೆ. ಇರುವುದು ಅವರೆಕಾಳಿನಷ್ಟು, ಚಿಪ್ಪು ಮಾತ್ರ ಕಲ್ಲು. ಎರಡು ಬೆರಳ ನಡುವೆ ಅದನ್ನು ಒತ್ತಿ ಒಡೆದವನೇ ಗಂಡಸು ಎಂದು ನಮ್ಮ ಹಿರಿಯರ ಲೆಕ್ಕ. ಸ್ಯಾಪೆನ್ ರವಾಯ್ ಪ್ರಾಯದಲ್ಲಿ ಎರಡೂ ಕೈಯಲ್ಲಿ ಒಟ್ಟಿಗೇ ಒಡೆಯುತ್ತಿದ್ದ.

ಮುದುಕನ ಮಗಳು ಹಿತ್ತಲ ಗಿಡದಿಂದ ಒಂದನ್ನು ಹಿಡಿದು ತಂದಳು. "ಇದನ್ನ ಕೊಂದ್ರೆ ಸರ್ಕಾರದೋರು ದಂಡ ಹಾಕ್ತಾರಪ್ಪ."

"ಮೊದ್ಲು ಅದು ಸಾಯ್ಲಿ ತಾಳೇ."

"ಬಿಡ್ತು ಅನ್ನು! ಮೀನಿನ ಕಾಲ!"

"ಬಿಡ್ತು, ಬಿಡ್ತು," ಎನ್ನುತ್ತಾ ಮುದುಕ ಒತ್ತಿದ. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಬೆರಳು ಸಡಿಲಿಸಿದರೆ ಹುಳ ಏನೂ ಆಗಿಲ್ಲವೆಂಬಂತೆ ಅಂಗೈ ಮೇಲೆ ನಡೆದುಕೊಂಡು ಹೊರಟಿತು. ಹಿಡಿದು ಮತ್ತೊಮ್ಮೆ ಒತ್ತಿದ. ಊಹೂಂ. ಮಗಳು ಮುಖ ಆ ಕಡೆ ತಿರುಗಿಸಿಕೊಂಡಳು.

"ಕೊಡಿ ಇಲ್ಲಿ," ಎಂದು ಸ್ಯಾಮನ್ ಕೊಲಿತಾನ್ ಹುಳವನ್ನು ಕಸಿದುಕೊಂಡ. ಹಲ್ಲು ಕಚ್ಚಿದ, ಮುಕ್ಕರಿದ, ಅಯ್ಯಯ್ಯಪ್ಪಾ ಎಂದು ಕೈ ಕೊಡವಿದ. "ನನ್ ಕೈಲೂ ಆಗ್ಲಿಲ್ಲ ಚಿಕ್ಕಪ್ಪ! ಭಾರೀ ಗಟ್ಟಿ ಪಿಂಡ ಇದು. ನಾಳೆ ದೋಣಿಗೆ ನೀವೇ ಬನ್ನಿ. ತಮ್ಮಂಗೇನು, ಮುಂದಿನ ವರ್ಷ ಕೂತ್ಕೋತಾನೆ."

ಸ್ಯಾಪೆನ್ ರವಾಯ್ ಅವನ ಹೆಬ್ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದ. ಹುಳ ಒತ್ತಿದವನ ಬೆರಳಿನ ಮೇಲೆ ಚಿಪ್ಪಿನ ಗುರುತು ಕುಳಿ ಬಿದ್ದಿರುತ್ತದೆ. ತನ್ನ ಬೆರಳಿನ ಮೇಲೆ ಎರಡಿದ್ದವು. ಇವನದು ನುಣ್ಣಗಿತ್ತು.

ಮುದುಕ ಎದ್ದು ಒಳಗೆ ಹೋದ. ದೋಣಿ ನಡೆಸುವ ತನ್ನ ಹುಟ್ಟನ್ನು ತಂದು ಅಣ್ಣನ ಮಗನ ಕೈಗಿಟ್ಟ.

"ನಿನ್ ತಮ್ಮಂಗೆ ಕೊಡು. ಹುಳ ನನ್ನ ಸೋಲಿಸ್ತು, ತಡ್ಕೊಂಡೆ ಕಣೋ. ನೀನು ಬೇಕಂತ್ಲೇ ಸೋತ್ಯಲ್ಲ, ಅದನ್ನ ಹೆಂಗೋ ತಡ್ಕೊಳ್ಳೋದು?"