ಗಾಳಿ ಒತ್ತುವ ಕೆಲಸ

“ಸಾವ್ಕಾರ್ರ, ಅದರ ಮ್ಯಾಲ ಕುಂದರ್ರಿ,” ಎಂದು ಕಾಳಪ್ಪ ನೆಲದ ಮೇಲಿದ್ದ ಲಾರಿ ಟ್ಯೂಬನ್ನು ತೋರಿಸಿದಾಗ, ಇವನ ತಲೆ ನೆಟ್ಟಗಿಲ್ಲ ಎಂದು ಗಿರಣಿ ದೇವೇಂದ್ರಪ್ಪನಿಗೆ ಅನ್ನಿಸಿತು. ಆದರೆ ಕಬ್ಬಿಣ ಕಡೆಯುವ ಲೇತು ಇದ್ದದ್ದು ಕಾಳಪ್ಪನ ಹತ್ತಿರ. ಸಂಜೆಯೊಳಗೆ ಮುರಿದ ಶಾಫ್ಟಿನ ಬದಲು ಹೊಸದು ಆಗದಿದ್ದರೆ ನಾಳೆ ಕುಷ್ಟಗಿ ಸಂತೆಗೆ ಗಿರಣಿ ಬಂದ್. ಜೋಳ ಹೊತ್ತು ಬಂದವರೆಲ್ಲ ಹಿಂದಿನ ಓಣಿಯ ವಿರುಪಣ್ಣನ ಗಿರಣಿಗೆ ಹೋಗುತ್ತಾರೆ. ಒಮ್ಮೆ ಹೋದವರು ತಿರುಗಿ ಬರುವ ಭರವಸೆ ಇಲ್ಲ.

ಕಾಳಪ್ಪನ ತೊಂದರೆ ಬೇರೆ. ಕಬ್ಬಿಣ ಗಟ್ಟಿ, ಅದನ್ನು ಹೆರೆಯುವ ಟೂಲು ಕಾದು ನೀಲಿಯಾಗಿ ಮೊಂಡಾಗುತ್ತಿತ್ತು. ನೀರು ಬಿಟ್ಟರೆ ಸಿಡಿದು ಲೇತು ತಿರುಗಿಸುವ ಪಟ್ಟಾ ತೊಯ್ದು ಜಾರುತ್ತಿತ್ತು. ಮಂಜಿನ ಹಾಗೆ ಉದುರಿಸಿದರೆ ಟೂಲೂ ತಣ್ಣಗಿರುತ್ತದೆ, ಪಟ್ಟಾನೂ ತೊಯ್ಯುವುದಿಲ್ಲ ಎಂದು ಯೋಚಿಸಿ, ಬೆಳೆಗೆ ಔಷಧ ಹೊಡೆಯುವ ಪಂಪಿನ ಹಿತ್ತಾಳೆ ಮೂತಿಯನ್ನು ಎಣ್ಣೆ ಬೆರೆಸಿದ ನೀರಿನ ಬಾಟಲಿಗೆ ಕೂಡಿಸಿದ್ದ. ಗಾಳಿಗೆ ಪಂಕ್ಚರ್ ಅಂಗಡಿಯಲ್ಲಿ ತುಂಬಿಸಿ ತಂದ ಈ ಟ್ಯೂಬು. ಅದನ್ನು ಒತ್ತಲು ಜೋಳದ ಚೀಲ ಇಟ್ಟ, ಜಾರಿ ಬಿತ್ತು. ಕಲ್ಲು ಇಟ್ಟ, ಅದು ಅವನ ಕಾಲ ಮೇಲೇ ಬಂತು. ತೂಕ ಹಿಡಿದು ಕೂರಲು ಮನುಷ್ಯನೇ ಬೇಕಾಗಿತ್ತು.

ದೇವೇಂದ್ರಪ್ಪ ಧೋತರ ಎತ್ತಿ ಕೂತ. ಬುಸ್ಸೆಂದು ಬಿಳಿ ಮಂಜು ಬಂತು. ಕಬ್ಬಿಣ ಸುರುಳಿ ಸುರುಳಿಯಾಗಿ ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ಟ್ಯೂಬು ಮೆತ್ತಗಾಯಿತು, ಮಂಜು ಸೊರಗಿತು. ಕೂತಿದ್ದ ದೇವೇಂದ್ರಪ್ಪನೇ ಕಡ್ಡಿಯಂಥ ಆಳು.

“ಮುಂಜಾನಿ ಉಂಡಿಲ್ಲೇನ್ರಿ?” ಎಂದ ಕಾಳಪ್ಪ.

ಆಗಲೇ ಬಾಗಿಲ ತುಂಬ ವಿರುಪಣ್ಣ ಬಂದು ನಿಂತ. ಎದುರಾಳಿಯ ಗಿರಣಿ ಇನ್ನೆಷ್ಟು ದಿನ ಮುಚ್ಚಿರುತ್ತದೆಂದು ತಿಳಿಯದೆ ಅವನಿಗೆ ಮಧ್ಯಾಹ್ನದ ನಿದ್ದೆ ಹತ್ತಿರಲಿಲ್ಲ. ವೈರಿಯಾದರೇನು, ಬಂದವರನ್ನು ನಿಲ್ಲಿಸಿ ಮಾತಾಡಿಸುವ ರೂಢಿ ಆ ಕಡೆ ಇಲ್ಲ. ದೇವೇಂದ್ರಪ್ಪನ ಬಾಯಿಂದ ತಾನಾಗಿಯೇ, “ಬರ್ರಿ ವಿರುಪಣ್ಣ, ಕುಂದರ್ರಿ,” ಎಂದು ಬಂದುಬಿಟ್ಟಿತು. ಮೈ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಕರೆದ ಮೇಲೂ ನಿಂತರೆ ಸೊಕ್ಕು ಅಂದಾರೆಂದು ವಿರುಪಣ್ಣ ಲೇತಿಗೆ ಬೆನ್ನು ಮಾಡಿ ಟ್ಯೂಬಿನ ಮೇಲೆ ಭಾರ ಇಳಿಸಿದ.

ಮಂಜು ಹೊಸ ಹುಮ್ಮಸ್ಸಿನಿಂದ ಚಿಮ್ಮಿತು. ದೇವೇಂದ್ರಪ್ಪ ಕಾಳಪ್ಪನ ಮುಖ ನೋಡಿದ. ಕಾಳಪ್ಪ ಕೆಲಸದಿಂದ ಕಣ್ಣೆತ್ತಲಿಲ್ಲ. ವಿರುಪಣ್ಣ ತನ್ನ ಗಿರಣಿ ಮುಂದೆ ಜನರ ಪಾಳಿ ಬಸ್ ಸ್ಟ್ಯಾಂಡಿನ ತನಕ ಬಂದಿದೆ ಎಂದ. ನಿಮ್ಮ ಮನೆಯ ಜೋಳವನ್ನೂ ಕಳಿಸಿ, ಪುಕ್ಕಟೆ ಬೀಸಿಕೊಡುತ್ತೇನೆ ಎಂದು ಹೊಟ್ಟೆ ಕುಣಿಸಿ ನಕ್ಕ. ನಕ್ಕಷ್ಟೂ ಮಂಜು ಬಂತು.

“ಹೌದ್ರಿ? ಆಮ್ಯಾಲ ಏನಾತ್ರಿ?” ಎಂದು ದೇವೇಂದ್ರಪ್ಪ ಕೇಳುತ್ತಲೇ ಇದ್ದ.

ಹೇಳುವುದೆಲ್ಲ ಮುಗಿದ ಮೇಲೆ ವಿರುಪಣ್ಣ ತಿರುಗಿ ನೋಡಿದ. ಶಾಫ್ಟು ಥಳಥಳ ಹೊಳೆಯುತ್ತಿತ್ತು.

“ಇದ್ಯಾರದಪಾ?”

“ಸಾವ್ಕಾರ್ರ ಗಿರಣಿದ್ರಿ,” ಎಂದ ಕಾಳಪ್ಪ. “ಏಳಬ್ಯಾಡ್ರಿ, ಇನ್ನೊಂದ ಕಟ್ ಐತಿ.”

ವಿರುಪಣ್ಣ ಅರ್ಧ ಎದ್ದ. ಮಂಜು ನಿಂತು ಟೂಲು ಕಿರ್ರೆಂದಿತು. ಎಷ್ಟೆಂದರೂ ಗಿರಣಿಯವನು, ಆ ಸದ್ದು ಕೇಳಲಾರದೆ ಮತ್ತೆ ಕೂತ. ಮಂಜು ಮತ್ತೆ ಚಿಮ್ಮಿತು.

“ಲಗೂನ ಮುಗಸಪಾ,” ಎಂದ ಕೊನೆಗೆ, ಗೋಡೆ ನೋಡುತ್ತ. “ನನ್ನ ಗಿರಣಿ ಶಾಫ್ಟೂ ಅಲಗ್ಯಾಡಾಕ ಹತ್ತಿ ಭಾಳ ದಿನ ಆತು. ಸಂತಿ ಮುಗದ ಮ್ಯಾಲ ತರತೀನಿ. ಟ್ಯೂಬಿನ ಮ್ಯಾಲ ಕುಂದ್ರಾಕ ಮತ್ತ ಈ ದೇವೇಂದ್ರಪ್ಪನವರ ಬರಬೇಕ ನೋಡು.”