ಕೋಗಿಲಿನವರು ಕಾದ ಆಮೆಗೂಡು

ನಾಯಿ ಗೂಡನ್ನು ಮೂಸಿತು. ಮುನಿರಾಮಯ್ಯ ಟಿ.ವಿ.ಯ ಮುಂದೆ ಎದ್ದು ನಿಂತು "ಹಚಾ" ಎಂದರು. ನಾಯಿ ಇದ್ದದ್ದು ಹೊನ್ನಾವರದ ಕಡೆಯ ಕಡಲದಂಡೆಯಲ್ಲಿ. ಮುನಿರಾಮಯ್ಯ ಇದ್ದದ್ದು ಯಲಹಂಕದ ಪಕ್ಕದ ಕೋಗಿಲಿನಲ್ಲಿ, ತಮ್ಮ ನಡುಮನೆಯಲ್ಲಿ. ನಾಯಿ ತಲೆಯನ್ನೂ ಎತ್ತಲಿಲ್ಲ.

ಪಕ್ಕದಲ್ಲಿ ಕೂತಿದ್ದ ಶಶಿರೇಖಾ ಟೀಚರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಐವತ್ತೆರಡನೆಯ ದಿನ, ಸಂಜೆ ಐದು ಐವತ್ತು, ಕಂದು ನಾಯಿ, ಒಂದು.

ಕೋಗಿಲಿಗೆ ಕಡಲಿಲ್ಲ. ಆದರೂ ನಮ್ಮಲ್ಲೊಂದು ಕಡಲಾಮೆ ರಕ್ಷಣಾ ಸಂಘವಿದೆ, ಹನ್ನೊಂದು ಜನ ಸದಸ್ಯರಿದ್ದಾರೆ. ಒಂದು ಆಮೆಮರಿಯನ್ನೂ ಕಣ್ಣಲ್ಲಿ ಕಾಣುವ ಮೊದಲೇ ಬಸ್ ನಿಲ್ದಾಣದ ಹತ್ತಿರ ಬ್ಯಾನರ್ ಕಟ್ಟಿಸಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಅಧ್ಯಕ್ಷರು ಮುನಿರಾಮಯ್ಯ. ಮೂವತ್ತೆರಡು ವರ್ಷ ಬೀದಿಬೀದಿಗೆ ನೀರು ಬಿಡುವ ವಾಲ್ವ್‌ಮನ್ ಆಗಿದ್ದವರು. ನೀರಿನ ವಿಷಯದಲ್ಲಿ ತಮಗಿರುವ ವಿದ್ಯೆ ಅಷ್ಟೇ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಸಂಘ ಹುಟ್ಟಿದ್ದು ಅವರ ತಂಗಿಯ ಮಗ ಸಿದ್ದುವಿನಿಂದ. ಅವನು ಆ ದಂಡೆಯಲ್ಲಿ ಆಮೆಗಳ ಮೊಟ್ಟೆ ಕಾಯುವ ಕೆಲಸಕ್ಕೆ ಸೇರಿದ್ದ. ಕಡಲಿಗಿಳಿದ ಸಾವಿರ ಮರಿಗಳಲ್ಲಿ ಒಂದು ಬದುಕಿ ದೊಡ್ಡದಾದರೆ ಹೆಚ್ಚು, ಹೀಗೇ ಬಿಟ್ಟರೆ ಸಂತಾನವೇ ಉಳಿಯುವುದಿಲ್ಲ ಎಂದು ಅವನು ಹೇಳಿದ ದಿನ ಮುನಿರಾಮಯ್ಯನವರಿಗೆ ಊಟ ಸೇರಲಿಲ್ಲ. ಹೋದ ವರ್ಷ ಇಡೀ ಸಂಘ ದಸ್ತಗೀರನ ಟೆಂಪೊ ಟ್ರಾವೆಲರ್ ಹತ್ತಿ ಅಲ್ಲಿಗೆ ಹೋಯಿತು. ಸಿದ್ದು ಒಂದು ಗೂಡು ತೋರಿಸಿ ಅತ್ತ ಹೋದದ್ದೇ ತಡ, ಅದಕ್ಕೆ ಅರಿಶಿನ ಕುಂಕುಮ ಬಿತ್ತು. ಕೂರ್ಮಾವತಾರವಲ್ಲವೇ ಎಂದು ಮುನಿರಾಮಯ್ಯನವರೇ ಒಂದು ಚೊಂಬು ಹಾಲೆರೆದರು, ಹುತ್ತಕ್ಕೆ ಎರೆದ ಹಾಗೆ. ಇರುವೆ ಮುತ್ತಿತು. ನೂರ ಹತ್ತು ಮೊಟ್ಟೆಗಳಲ್ಲಿ ಒಂದರಿಂದಲೂ ಮರಿ ಹೊರಬರಲಿಲ್ಲ.

ಸಂಘದ ವರದಿಯಲ್ಲಿ ಹವಾಮಾನ ಬದಲಾವಣೆಯೇ ಕಾರಣ ಎಂದು ಬರೆದರು. ಮುನಿರಾಮಯ್ಯ ಸಹಿ ಹಾಕಿದರು. ಮನೆಗೆ ಬಂದು ಅತ್ತರು. ಕೈಯಾರೆ ನೂರ ಹತ್ತು ಜೀವ ತೆಗೆದೆ, ಒಂದು ಮರಿಯಾದರೂ ಕಡಲು ಸೇರುವುದನ್ನು ನೋಡದೆ ಸಾಯುವುದಿಲ್ಲ ಎಂದು ಹೆಂಡತಿ ರಾಮಲಕ್ಷ್ಮಮ್ಮನ ಮುಂದೆ ಆಣೆಯಿಟ್ಟರು. ಹಾಗಾದರೆ ನಿಮಗೆ ಆಯಸ್ಸು ಗಟ್ಟಿ ಬಿಡಿ ಎಂದರು ಆಕೆ.

ಈ ವರ್ಷ ಎರಡು ಗಾಡಿ ಗೊತ್ತುಮಾಡಿದ್ದರು. ಅಷ್ಟರಲ್ಲಿ ಸಿದ್ದುವೇ ಫೋನ್ ಮಾಡಿದ. ಒಂದು ಗೂಡಿಗೆ ಬೇಲಿ ಕಟ್ಟಿ ಕ್ಯಾಮೆರಾ ಇಟ್ಟಿದ್ದೇನೆ, ಅಲ್ಲಿಂದಲೇ ಸರದಿಯ ಮೇಲೆ ಕಾಯಿರಿ, ನಿಮ್ಮಷ್ಟು ಶ್ರದ್ಧೆಯಿಂದ ಕಾಯುವವರು ಇಲ್ಲಿ ಯಾರಿದ್ದಾರೆ ಎಂದ. ಸಂಘ ಉಬ್ಬಿಹೋಯಿತು. ಗಾಡಿಗಳು ರದ್ದಾದವು. ಕ್ಯಾಮೆರಾ ಟಿ.ವಿ.ಗೆ ಬಂತು, ರಾಮಲಕ್ಷ್ಮಮ್ಮನ ಧಾರಾವಾಹಿ ಹೋಯಿತು. ಐವತ್ತೊಂದು ದಿನ ಹನ್ನೊಂದು ಜನ ಸರದಿಯಲ್ಲಿ ಕೂತು ಮರಳು ನೋಡಿದರು. ಅಲೆ ಬೇಲಿಯವರೆಗೆ ನುಗ್ಗಿದ ದಿನ ಮುನಿರಾಮಯ್ಯ ಹನ್ನೆರಡು ಸಲ ಫೋನ್ ಮಾಡಿದ್ದರು. ಏನೂ ಆಗುವುದಿಲ್ಲ ಮಾವ ಎಂದು ಸಿದ್ದು ಹನ್ನೆರಡು ಸಲವೂ ತಣ್ಣಗೆ ಹೇಳಿದ್ದ.

ಈಗ ನಾಯಿ ಬೇಲಿಯ ಕೆಳಗೆ ನುಸುಳಿತು. ಮುಂಗಾಲಿನಿಂದ ಮರಳು ಕೆದರತೊಡಗಿತು. ಸಿದ್ದು ಫೋನ್ ಎತ್ತಲಿಲ್ಲ. ಗುಂಡಿ ಆಳವಾಯಿತು, ನಾಯಿಯ ಅರ್ಧ ಮೈ ಒಳಗೆ ಹೋಯಿತು. ಮುನಿರಾಮಯ್ಯ ಕಣ್ಣು ಮುಚ್ಚಿಕೊಂಡರು. ತೆರೆದಾಗ ನಾಯಿ ಮೈ ಕೊಡವಿಕೊಂಡು ಹೊರಟುಹೋಗುತ್ತಿತ್ತು. ಗುಂಡಿಯಲ್ಲಾಗಲಿ ಸುತ್ತಲಾಗಲಿ ಒಂದು ಮೊಟ್ಟೆಯ ಚೂರೂ ಇರಲಿಲ್ಲ.

ಯಾರೋ ಮೊದಲೇ ಕದ್ದಿದ್ದಾರೆ ಎಂದರು ಶಶಿರೇಖಾ. ಸ್ವಲ್ಪ ತಡೆದು, ರಾತ್ರಿ ಹೊತ್ತು ಕ್ಯಾಮೆರಾ ಆರಿಸುವವನು ಸಿದ್ದು ಒಬ್ಬನೇ ಎಂದೂ ಸೇರಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ತಾವೇ ಎತ್ತಿ ಆಡಿಸಿದ ಹುಡುಗ. ಮುನಿರಾಮಯ್ಯ ದಸ್ತಗೀರನಿಗೆ ಫೋನ್ ಮಾಡಿ, ಗಾಡಿ ತಾ, ಈಗಲೇ ಹೊರಡಬೇಕು ಎಂದರು.

ಫೋನ್ ಇಡುವಷ್ಟರಲ್ಲಿ ಸಿದ್ದುವಿನ ವಿಡಿಯೊ ಕರೆ ಬಂತು. ಅವನ ಮುಖ ಕಾಣಲಿಲ್ಲ. ಸಂಜೆ ಬೆಳಕಿನಲ್ಲಿ ಒದ್ದೆ ಮರಳು, ಅದರ ಮೇಲೆ ಬೆರಳುದ್ದದ ಕಪ್ಪು ಮರಿಗಳು, ಹತ್ತಾರು, ಮತ್ತೆ ಹತ್ತಾರು, ರೆಕ್ಕೆಯಂಥ ಕಾಲು ಬಡಿಯುತ್ತ ಅಲೆಯ ಕಡೆ ಓಡುತ್ತಿದ್ದವು. ಅಲೆ ಬಂದು ಒಂದನ್ನು ಎತ್ತಿಕೊಂಡು ಹೋಯಿತು. ಮುನಿರಾಮಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಹುಡುಗನ ಮೇಲೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯಾಯಿತು.

"ತೊಂಬತ್ತೆಂಟು ಮಾವ," ಎಂದ ಸಿದ್ದು. "ಒಂದೂ ಕೆಟ್ಟಿಲ್ಲ."

"ನಾವ್ ಕಾದಿದ್ವಲ್ಲ, ಅವೇ ಏನ್ಲಾ ಇವು?"

"ಅಲ್ಲ ಮಾವ. ಇದು ಒಂದು ಮೈಲಿ ಆಚೆ ಇರೋ ಗೂಡು. ಇಲ್ಲಿಗೆ ಯಾರೂ ಬಂದಿಲ್ಲ."

"ಮತ್ತೆ ನಮ್ ಗೂಡಿನ ಮೊಟ್ಟೆಗಳು ಎಲ್ಲೋದ್ವು?"

ಸಿದ್ದು ಫೋನನ್ನು ತನ್ನ ಮುಖದ ಕಡೆ ತಿರುಗಿಸಿದ.

"ಆ ಗುಂಡೀಲಿ ಮೊಟ್ಟೆ ಯಾವತ್ತೂ ಇರ್ಲಿಲ್ಲ ಮಾವ, ನೀವ್ಯಾರೂ ಈ ಕಡೆ ಬರದೇ ಇರ್ಲಿ ಅಂತ ನಾನೇ ತೋಡಿದ್ದು."