ಎರಡನೇ ಗುರುತು

ಅಲಾಸುವಾ ಅಜ್ಜಿ ನೆಲದ ಮೇಲೆ ಕೂತು ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಕೊಬ್ಬನ್ನು ಹೆರೆಯುತ್ತಿದ್ದಳು. ರಾಜಧಾನಿ ಒಟ್ಟಾವಾದಿಂದ ಬಂದ ಅಧಿಕಾರಿ ಅವಳ ಚಿತ್ರಗಳಿಗೆ ಸಂದ ದೇಶದ ಪದಕವನ್ನು ಮುಂದೆ ಹಿಡಿದಾಗ ಕೈ ಒರೆಸಿಕೊಂಡು ತೆಗೆದುಕೊಂಡಳು.

"ನಿನ್ನ ಗೂಬೆಗಳಿಗೆ ಕೊನೆಗೂ ಸರ್ಕಾರ ಹೆದರ್ತು ನೋಡೇ," ಎಂದು ಯೂತಾ ನಕ್ಕ. ಅವಳು ಬರೆದ ಗೂಬೆ ಚಿತ್ರಗಳನ್ನೆಲ್ಲ ಕಾಗದದ ಮೇಲೆ ಅಚ್ಚೊತ್ತಲು ಕಲ್ಲಿನಲ್ಲಿ ಕೆತ್ತಿದವನು ಅವನೇ.

"ಸುಮ್ನಿರೋ ಮುದುಕ." ಅಜ್ಜಿ ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಹುಡುಕಿದಳು. ಅವರ ಊರಿನ ಪ್ರತಿ ಅಚ್ಚುಚಿತ್ರದ ಮೂಲೆಯಲ್ಲೂ ಚಿತ್ರ ಬರೆದವರ ಗುರುತಿನ ಪಕ್ಕ ಕಲ್ಲಿನಲ್ಲಿ ಕೆತ್ತಿದವರ ಗುರುತೂ ಇರುತ್ತದೆ. ಇಲ್ಲಿ ಅವಳ ಹೆಸರು ಮಾತ್ರ ಇತ್ತು. ಯೂತಾನೂ ಬಗ್ಗಿ ನೋಡಿದ. ಅವನ ನಗು ನಿಂತಿತು.

ಅಜ್ಜಿ ಪದಕವನ್ನು ಅಧಿಕಾರಿಯ ಅಂಗೈಯಲ್ಲಿ ವಾಪಸು ಇಟ್ಟಳು. "ಇವನ ಹೆಸರೂ ಹಾಕಿಸ್ಕೊಂಡು ಬಾಪ್ಪಾ," ಎಂದಳು. ಅಧಿಕಾರಿ ಯೂತಾನನ್ನು ನೋಡಿದ, ಯೂತಾ ನೆಲ ನೋಡಿದ.